ಹಳೆಯ ಕಾರಿನ ಎಂಜಿನ್ ಆಯಿಲ್ ಲೀಕ್: ಮೂಲದ ಪತ್ತೆ

ಎಂಜಿನ್ನಿನ ಒಳಗೇ ಸುತ್ತಾಡಿಕೊಂಡಿರಬೇಕಾದ ಎಣ್ಣೆ ಯಾವುದೋ ಸಂದಿನಿಂದ ಹೊರಬಿದ್ದು ನೆಲ ಸೇರುವುದಕ್ಕೆ ಆಯಿಲ್ ಲೀಕ್ ಎಂದು ಹೆಸರು. ಹಳೆಯ ಕಾರುಗಳಲ್ಲಿ ಇದು ಎಷ್ಟು ಸಾಮಾನ್ಯವೆಂದರೆ ಅನೇಕ ಮಾಲೀಕರು ಕಾರಿನ ಕೆಳಗೊಂದು ತಗಡಿನ ತಟ್ಟೆ ಇಟ್ಟು ಸುಮ್ಮನಾಗುತ್ತಾರೆ. ಸುಮ್ಮನಿರಲಾರದವರು ಹನಿ ಬಿದ್ದ ಜಾಗದ ನೇರ ಮೇಲೆ ಯಾವ ಪ್ಯಾಕಿಂಗ್ ಇದೆಯೋ ಅದನ್ನು ಬದಲಿಸುತ್ತಾರೆ. ವಾರ ಕಳೆಯುವುದರೊಳಗೆ ಅದೇ ಜಾಗದಲ್ಲಿ ಮತ್ತೆ ಹನಿ. ಎಣ್ಣೆ ಹೊರಡುವ ಜಾಗ ಒಂದು, ಬೀಳುವ ಜಾಗ ಇನ್ನೊಂದು. ಹೊರಡುವ ಜಾಗ ಸಿಕ್ಕಿದರೂ ಹೊರಡಿಸಿದ ಕಾರಣ ಮೂರನೆಯ ಕಡೆ ಇರಬಹುದು. ಪತ್ತೆಯ ಕೆಲಸವೆಲ್ಲ ಈ ಮೂರು ಜಾಗಗಳನ್ನು ಒಂದಕ್ಕೊಂದು ಕಲಸದೆ ಬೇರೆಬೇರೆಯಾಗಿ ಗುರುತಿಸುವುದರಲ್ಲಿದೆ.

ಇದನ್ನು ಹೇಳಲು ಕನ್ನಡದಲ್ಲಿ ಒಳ್ಳೆಯ ಮಾತುಗಳಿವೆ. ಲೋಹದ ಮೇಲೆ ತೇವದ ಪಸೆ ಮಾತ್ರ ಕಂಡು ಹನಿ ಕಟ್ಟದಿದ್ದರೆ ಎಣ್ಣೆ ಒಸರುತ್ತಿದೆ. ಒರೆಸಿದ ಜಾಗ ಒಂದೆರಡು ದಿನದಲ್ಲಿ ಮತ್ತೆ ಒದ್ದೆಯಾದರೆ ಜಿನುಗುತ್ತಿದೆ. ನಿಂತ ಕಾರಿನ ಕೆಳಗೆ ಎಣಿಸಬಹುದಾದಷ್ಟು ಬಿಂದುಗಳು ಬಿದ್ದಿದ್ದರೆ ತೊಟ್ಟಿಕ್ಕುತ್ತಿದೆ. ಎಂಜಿನ್ ಓಡುವಾಗ ನೂಲಿನಂತೆ ಇಳಿಯುತ್ತಿದ್ದರೆ ಮಾತ್ರ ಅದು ಸೋರುವುದು. ಆಗ ಕಾರನ್ನು ಅಲ್ಲೇ ನಿಲ್ಲಿಸಬೇಕು. ಲೆಕ್ಕ ಹೀಗೆ: 20 ಹನಿಗೆ ಸುಮಾರು ಒಂದು ಮಿಲಿಲೀಟರ್ ಎಂದು ಹಿಡಿದರೆ, ರಾತ್ರಿಯಿಡೀ ನಿಂತು ನಾಲ್ಕು ಹನಿ ಬೀಳಿಸಿದ ಕಾರು ಕಳೆದುಕೊಂಡದ್ದು ಒಂದು ಮಿಲಿಲೀಟರಿನ ಐದನೆಯ ಒಂದು ಭಾಗ. ಓಡುವಾಗ 50 ಮೀಟರಿಗೊಂದು ಹನಿ ಬೀಳಿಸುವ ಕಾರಿಗೆ 1,000 ಕಿಲೋಮೀಟರಿಗೆ ಒಂದು ಲೀಟರ್ ಬೇಕು. ಗ್ಯಾರೇಜಿನ ನೆಲದ ಕಲೆ ಮನೆಯವರ ಕಣ್ಣಿಗೆ ದೊಡ್ಡದು, ರಸ್ತೆಯಲ್ಲಿ ಹೋದದ್ದು ಯಾರಿಗೂ ಕಾಣುವುದಿಲ್ಲ. ನೆಲವೂ ಒಣಗಿದ್ದು, ಡಿಪ್‌ಸ್ಟಿಕ್ಕಿನಲ್ಲಿ ಮಟ್ಟವೂ ಇಳಿಯುತ್ತಿದ್ದರೆ ಎಣ್ಣೆ ಸಿಲಿಂಡರಿನಲ್ಲಿ ಉರಿಯುತ್ತಿರಬಹುದು. ಸೈಲೆನ್ಸರಿನ ನೀಲಿ ಹೊಗೆ ಅದನ್ನು ಹೇಳುತ್ತದೆ.

ಉದಾಹರಣೆಯ ಎಂಜಿನ್

ಹಳೆಯ ಎಂಜಿನ್ನುಗಳೆಲ್ಲ ಒಂದೇ ಬಗೆಯಾಗಿ ಸೋರುವುದಿಲ್ಲ. ಆದ್ದರಿಂದ ಇಲ್ಲಿ ಮುಖ್ಯವಾಗಿ ಒಂದನ್ನೇ ಎತ್ತಿಕೊಂಡಿದೆ: ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ (ಬಿಎಂಸಿ) ಬಿ-ಸೀರೀಸ್ ಎಂಜಿನ್. ಎರಕದ ಕಬ್ಬಿಣದ ಬ್ಲಾಕ್, ನಾಲ್ಕು ಸಿಲಿಂಡರ್, ಬ್ಲಾಕಿನ ಬದಿಯಲ್ಲಿ ಕ್ಯಾಮ್‌ಶಾಫ್ಟ್, ಅಲ್ಲಿಂದ ಪುಷ್‌ರಾಡುಗಳ ಮೂಲಕ ಮೇಲಿನ ವಾಲ್ವುಗಳಿಗೆ ಚಾಲನೆ. 1950ರ ದಶಕದಲ್ಲಿ ಮಾರಿಸ್ ಆಕ್ಸ್‌ಫರ್ಡ್, ಆಸ್ಟಿನ್ ಕೇಂಬ್ರಿಜ್, ಎಂಜಿಎ ಕಾರುಗಳಲ್ಲಿ 1489 ಸಿಸಿ ಗಾತ್ರದಲ್ಲಿತ್ತು. 1962ರ ಎಂಜಿಬಿ ಹೊತ್ತಿಗೆ 1798 ಸಿಸಿಗೆ ಬೆಳೆಯಿತು. ನಮ್ಮವರಿಗೆ ಇದು ಅಂಬಾಸಿಡರ್ ಎಂಜಿನ್ನೆಂದೇ ಪರಿಚಿತ. ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಮಾರಿಸ್ ಆಕ್ಸ್‌ಫರ್ಡಿನ ಮೂರನೆಯ ಸರಣಿಯನ್ನೇ ಅಂಬಾಸಿಡರ್ ಹೆಸರಿನಲ್ಲಿ ಕಟ್ಟತೊಡಗಿದ್ದು 1950ರ ದಶಕದ ಕೊನೆಯಲ್ಲಿ, ನಿಲ್ಲಿಸಿದ್ದು 2014ರಲ್ಲಿ. ಹುಟ್ಟಿದ ದೇಶದಲ್ಲಿ ಆ ಮಾದರಿ ಮರೆತುಹೋದ ಎಷ್ಟೋ ವರ್ಷಗಳ ಮೇಲೂ ನಮ್ಮ ಕಡೆ ಸರ್ಕಾರಿ ಕಚೇರಿಯ ಪೋರ್ಟಿಕೋದಲ್ಲಿ, ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅದರ ಕಪ್ಪು ಬಿಂದುಗಳು ಬೀಳುತ್ತಲೇ ಇದ್ದವು.

ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗದ ಪೇಟೆಗೆ ಹೋಗುವ ಮುನ್ನ ಹೆಸರಿನ ಗೊಂದಲವೊಂದನ್ನು ತಿಳಿದಿರಬೇಕು. ಎಂಜಿನ್ನಿನ ನೆತ್ತಿಯ ಮೇಲಿನ ತಗಡಿನ ಮುಚ್ಚಳಕ್ಕೆ ಕಂಪನಿಯ ಕೈಪಿಡಿ ರಾಕರ್ ಕವರ್ ಎನ್ನುತ್ತದೆ, ಗ್ಯಾರೇಜಿನವರು ಟ್ಯಾಪೆಟ್ ಕವರ್ ಎನ್ನುತ್ತಾರೆ. ಕೈಪಿಡಿಯ ಟ್ಯಾಪೆಟ್ ಕವರುಗಳೇ ಬೇರೆ: ಅವು ಬ್ಲಾಕಿನ ಬದಿಯಲ್ಲಿ, ಸೈಲೆನ್ಸರ್ ಮ್ಯಾನಿಫೋಲ್ಡಿನ ಕೆಳಗೆ ಅವಿತುಕೊಂಡ ಎರಡು ಸಣ್ಣ ಮುಚ್ಚಳಗಳು. ಕೈಪಿಡಿ ಓದಿದ ಮಾಲೀಕ ಒಂದು ಹೇಳಿ ಮೆಕ್ಯಾನಿಕ್ ಇನ್ನೊಂದು ಬಿಚ್ಚಿದರೆ ಇಬ್ಬರದೂ ತಪ್ಪಲ್ಲ. ಈ ಲೇಖನದಲ್ಲಿ ಮೇಲಿನದನ್ನು ರಾಕರ್ ಕವರ್, ಬದಿಯವನ್ನು ಸೈಡ್ ಕವರ್ ಎಂದು ಕರೆದಿದೆ. ತಳದ ಸಂಪನ್ನು ಎಲ್ಲರೂ ಕರೆಯುವಂತೆ ಚೇಂಬರ್ ಎಂದೇ ಹೇಳಿದೆ.

ಎಣ್ಣೆ ಹೊರಬೀಳುವ ಸಂದುಗಳು

ಸಂದುಗಳಲ್ಲಿ ಮೂರು ಜಾತಿ. ಎರಡು ನಿಶ್ಚಲ ಭಾಗಗಳ ನಡುವೆ ಪ್ಯಾಕಿಂಗ್ ಕೂತದ್ದು ಒಂದು, ತಿರುಗುವ ಶಾಫ್ಟ್ ಗೋಡೆ ದಾಟಿ ಹೊರಬರುವ ಕಡೆ ಸೀಲ್ ಕೂತದ್ದು ಇನ್ನೊಂದು, ಪಂಪಿನ ಒತ್ತಡದ ಎಣ್ಣೆ ಹರಿಯುವ ಪೈಪು ಮತ್ತು ಜೋಡಣೆಗಳು ಮೂರನೆಯದು. ಮೊದಲೆರಡು ಕಡೆ ಎಣ್ಣೆ ಚಿಮ್ಮಿ, ಹರಿದು ಬಂದದ್ದಷ್ಟೆ. ಅದಕ್ಕೆ ತಳ್ಳುವ ಬಲ ಅಷ್ಟಿಲ್ಲ. ಮೂರನೆಯ ಕಡೆ ಚದರ ಅಂಗುಲಕ್ಕೆ ಸುಮಾರು 50 ಪೌಂಡ್ ಒತ್ತಡವಿರುತ್ತದೆ. ಅಲ್ಲಿನ ಸಣ್ಣ ಬಿರುಕೂ ನಿಮಿಷಗಳಲ್ಲಿ ಚೇಂಬರ್ ಬರಿದುಮಾಡಬಲ್ಲುದು.

ಒತ್ತಡದ ಜೋಡಣೆಗಳಲ್ಲಿ ಮೊದಲು ನೋಡಬೇಕಾದದ್ದು ಆಯಿಲ್ ಫಿಲ್ಟರಿನ ಬಟ್ಟಲು. ಹಳೆಯ ಮಾದರಿಯಲ್ಲಿ ಫಿಲ್ಟರ್ ಬಿಡಿಯಾಗಿ ಬಟ್ಟಲಿನೊಳಗೆ ಕೂರುತ್ತದೆ, ಬಟ್ಟಲಿನ ಅಂಚು ಮೇಲಿನ ತೋಡಿನಲ್ಲಿರುವ ರಬ್ಬರ್ ಉಂಗುರಕ್ಕೆ ಒತ್ತಿಕೊಳ್ಳುತ್ತದೆ. ಫಿಲ್ಟರ್ ಬದಲಿಸುವವನು ಹೊಸ ಉಂಗುರ ಹಾಕುತ್ತಾನೆ, ಆದರೆ ಕಪ್ಪಾಗಿ ಗಟ್ಟಿಯಾಗಿ ಲೋಹದಂತೆಯೇ ಕಾಣುವ ಹಳೆಯ ಉಂಗುರ ತೋಡಿನಲ್ಲೇ ಉಳಿದದ್ದು ಅವನ ಕಣ್ಣಿಗೆ ಬೀಳುವುದಿಲ್ಲ. ಒಂದರ ಮೇಲೊಂದು ಎರಡು ಉಂಗುರ ಕೂತಾಗ ಬಟ್ಟಲು ಮೊದಲ ದಿನ ಬಿಗಿಯಾಗಿಯೇ ಇರುತ್ತದೆ. ಮರುದಿನ ಬೆಳಿಗ್ಗೆ ತಣ್ಣಗಿನ ದಪ್ಪ ಎಣ್ಣೆಯನ್ನು ಪಂಪು ತಳ್ಳಿ ಒತ್ತಡ ಏರಿದ ಕೂಡಲೇ ಒಂದು ಪಕ್ಕದಿಂದ ಚಿಮ್ಮುತ್ತದೆ. ತೋಡಿನೊಳಗೆ ಗುಂಡುಸೂಜಿಯ ಮೊನೆ ಆಡಿಸಿ ನೋಡಬೇಕು; ಮೊನೆ ಚುಚ್ಚಿಕೊಂಡರೆ ರಬ್ಬರ್, ಜಾರಿದರೆ ಲೋಹ. ಆಯಿಲ್ ಪ್ರೆಶರ್ ಮೀಟರಿಗೆ ಹೋಗುವ ಪೈಪು, ಪ್ರೆಶರ್ ಸ್ವಿಚ್ಚಿನ ತಂತಿ ಸಿಕ್ಕಿಸುವ ತುದಿ, ಚೇಂಬರಿನ ಡ್ರೈನ್ ಬೋಲ್ಟಿನ ತಾಮ್ರದ ವಾಷರ್ ಕೂಡ ಇದೇ ಸುತ್ತಿನಲ್ಲಿ ನೋಡಿ ಮುಗಿಸುವಂಥವು.

ಪ್ಯಾಕಿಂಗ್ ಜಾತಿಯಲ್ಲಿ ಹೆಚ್ಚು ತರಲೆ ಕಾರ್ಕಿನದು. ಕಾರ್ಕ್ ಮರದ ತೊಗಟೆ. ವರ್ಷಗಟ್ಟಲೆ ಅಂಗಡಿಯ ಅಟ್ಟದ ಮೇಲಿದ್ದರೆ ಒಣಗಿ ಕುಗ್ಗುತ್ತದೆ, ತೂತುಗಳು ಬೋಲ್ಟಿಗೆ ಸರಿಹೊಂದುವುದಿಲ್ಲ. ಹಳಬರು ಅದನ್ನು ನೀರಿನಲ್ಲಿ ನೆನೆಸಿಟ್ಟು ಹಿಗ್ಗಿಸಿಕೊಂಡೇ ಕೂರಿಸುತ್ತಿದ್ದರು. ಕಾರ್ಕಿನ ಇನ್ನೊಂದು ಗುಣ, ಹಿಸುಕಿದಷ್ಟೂ ಹಿಸುಕಿಸಿಕೊಳ್ಳುವುದು. ಸೋರಿತೆಂದು ಬೋಲ್ಟ್ ಬಿಗಿಮಾಡುತ್ತಾರೆ, ಕಾರ್ಕ್ ಬದಿಗೆ ಉಬ್ಬುತ್ತದೆ. ಇನ್ನೂ ಬಿಗಿಮಾಡುತ್ತಾರೆ, ಸೀಳುತ್ತದೆ. ಅಷ್ಟರಲ್ಲಿ ತಗಡಿನ ಮುಚ್ಚಳದ ಅಂಚು ಬೋಲ್ಟಿನ ಸುತ್ತ ಗುಂಡಿ ಬಿದ್ದು, ಎರಡು ಬೋಲ್ಟುಗಳ ನಡುವೆ ಕಮಾನಾಗಿ ಎದ್ದಿರುತ್ತದೆ. ಆ ಮುಚ್ಚಳಕ್ಕೆ ಇನ್ನು ಯಾವ ಹೊಸ ಪ್ಯಾಕಿಂಗೂ ಹತ್ತುವುದಿಲ್ಲ. ಅದನ್ನು ಸಮತಟ್ಟಾದ ಕಬ್ಬಿಣದ ಮೇಲೆ ಬೋರಲು ಇಟ್ಟು ಅಂಚನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೇರಮಾಡಬೇಕು. ಎಂಜಿಬಿಯ ಕೈಪಿಡಿ ರಾಕರ್ ಕವರಿನ ನಟ್ಟಿಗೆ ಹೇಳುವ ಬಿಗಿ ಕೇವಲ 4 ಪೌಂಡ್-ಅಡಿ, ತಗ್ಗಿನ ಸೈಡ್ ಕವರಿನ ಬೋಲ್ಟಿಗೆ 2 ಪೌಂಡ್-ಅಡಿ. ಉದ್ದನೆಯ ಸ್ಪ್ಯಾನರ್ ಹಿಡಿದವನ ಕೈಗೆ ಅದು ಬಿಗಿಯೆಂದೇ ಅನ್ನಿಸುವುದಿಲ್ಲ. ಎರಡು ಬೆರಳಿನ ಬಲ ಸಾಕು.

ಸೈಡ್ ಕವರುಗಳ ಮೇಲೆ ಮ್ಯಾನಿಫೋಲ್ಡಿನ ಕಾವು ಸದಾ ಬೀಳುವುದರಿಂದ ಅವುಗಳ ಕಾರ್ಕ್ ಉಳಿದವಕ್ಕಿಂತ ಬೇಗ ಸುಟ್ಟು ಗಟ್ಟಿಯಾಗುತ್ತದೆ. ಅಲ್ಲಿಗೆ ಕೈ ಹೋಗುವುದೇ ಕಷ್ಟ, ಕಣ್ಣು ಹೋಗುವುದು ಇನ್ನೂ ಕಷ್ಟ. ಆದ್ದರಿಂದ ಆ ಪ್ಯಾಕಿಂಗ್ ಬದಲಿಸದೆ ಬಿಟ್ಟ ಎಂಜಿನ್ನುಗಳೇ ಹೆಚ್ಚು. ಅಲ್ಲಿಂದ ಜಿನುಗಿದ ಎಣ್ಣೆ ಬ್ಲಾಕಿನ ಗೋಡೆಗುಂಟ ಇಳಿದು ಚೇಂಬರಿನ ಅಂಚಿನ ಮೇಲೆ ಸಾಲಾಗಿ ನಿಲ್ಲುತ್ತದೆ. ಕೆಳಗಿನಿಂದ ನೋಡಿದವರು ಚೇಂಬರ್ ಪ್ಯಾಕಿಂಗ್ ಹೋಗಿದೆ ಎಂದು ತೀರ್ಮಾನಿಸುತ್ತಾರೆ. ಮೇಲಿನ ಎಲ್ಲರ ಪಾಪವೂ ಬಂದು ಸೇರುವುದು ಚೇಂಬರಿನ ಅಂಚಿಗೆ. ಅದು ನಿಜವಾಗಿ ತಪ್ಪು ಮಾಡಿರುವುದು ಅಪರೂಪ.

ಮುಂಭಾಗದಲ್ಲಿ ಕ್ರ್ಯಾಂಕ್‌ಶಾಫ್ಟ್ ಟೈಮಿಂಗ್ ಕವರ್ ದಾಟಿ ಹೊರಬಂದು ಪುಲ್ಲಿ ಹಿಡಿಯುತ್ತದೆ. ಮೊದಮೊದಲ ಎಂಜಿನ್ನುಗಳಲ್ಲಿ ಇಲ್ಲಿದ್ದದ್ದು ಬರಿ ಫೆಲ್ಟ್ ಉಂಗುರ. ಆಮೇಲೆ ರಬ್ಬರ್ ತುಟಿಯ ಸೀಲ್ ಬಂತು. ಸೀಲಿನ ಹಿಂದೆ, ಶಾಫ್ಟಿನ ಮೇಲೆ, ಎಣ್ಣೆಯನ್ನು ದೂರ ಚಿಮ್ಮಿಸುವ ತಟ್ಟೆಯೊಂದಿರುತ್ತದೆ. ಅದರ ತಗ್ಗಿನ ಮುಖ ಎಂಜಿನ್ನಿಗೆ ಬೆನ್ನುಮಾಡಿ ಮುಂದಕ್ಕೆ ನೋಡಬೇಕು. ತಿರುಗಿಸಿ ಕೂರಿಸಿದರೆ, ಅಥವಾ ಹಳೆಯ ತಟ್ಟೆಗೆ ಹೊಸ ಕವರ್ ಜೋಡಿಸಿದರೆ, ಸೀಲ್ ಎಷ್ಟು ಹೊಸದಾದರೂ ಎಣ್ಣೆ ಬಂದೇ ಬರುತ್ತದೆ. ಸೀಲಿನ ತುಟಿ ದಶಕಗಟ್ಟಲೆ ಉಜ್ಜಿದ ಪುಲ್ಲಿಯ ಕೊರಳಲ್ಲಿ ಒಂದು ಗೀರು ಬಿದ್ದಿರುತ್ತದೆ. ಉಗುರು ಎಳೆದರೆ ಸಿಕ್ಕಿಕೊಳ್ಳುತ್ತದೆ. ಆಗ ಕೊರಳಿಗೆ ತೆಳುವಾದ ಉಕ್ಕಿನ ಬಳೆ ತೊಡಿಸಬೇಕು, ಇಲ್ಲವೇ ಸೀಲನ್ನು ಎಳೆಯಷ್ಟು ಹಿಂದೆಮುಂದೆ ಕೂರಿಸಿ ತುಟಿ ಹೊಸ ಜಾಗದಲ್ಲಿ ಓಡುವಂತೆ ಮಾಡಬೇಕು. ಮುಂದಿನ ಸೀಲ್ ಹೋದದ್ದಕ್ಕೆ ಗುರುತು, ಪುಲ್ಲಿಯ ಮಟ್ಟದಲ್ಲೇ ಸುತ್ತಲಿನ ಭಾಗಗಳಿಗೆ ಪಟ್ಟಿಯಂತೆ ಸಿಡಿದ ಎಣ್ಣೆ. ಉಳಿದದ್ದನ್ನು ಫ್ಯಾನು ಹಿಂದಕ್ಕೆ ಊದಿ ಇಡೀ ತಳಕ್ಕೆ ಬಳಿಯುತ್ತದೆ.

ಕ್ರ್ಯಾಂಕಿನ ಹಿಂಬದಿ

ಬಿ-ಸೀರೀಸಿನ ಎಲ್ಲ ಜಗಳದ ಮೂಲ ಇಲ್ಲಿದೆ. ಮೂರು ಮೇನ್ ಬೇರಿಂಗಿನ ಹಳೆಯ ಎಂಜಿನ್ನಿನಲ್ಲಿ, ಅಂದರೆ ಅಂಬಾಸಿಡರಿನ 1489 ಸಿಸಿಯಲ್ಲೂ, ಕ್ರ್ಯಾಂಕಿನ ಹಿಂಬದಿಗೆ ಸೀಲೇ ಇಲ್ಲ. ಗ್ಯಾರೇಜಿನಲ್ಲಿ ‘ಹಿಂದಿನ ಸೀಲ್ ಹೋಗಿದೆ’ ಎಂಬ ಮಾತು ಕೇಳಿದಾಗ ಹೋಗಿರುವುದೇನು ಎಂದು ಕೇಳಬೇಕಾದ ಪರಿಸ್ಥಿತಿ. ಸೀಲಿನ ಬದಲು ಶಾಫ್ಟಿನ ಮೈಮೇಲೆ ಸ್ಕ್ರೂವಿನ ಮರೆಯಂಥ ಸುರುಳಿ ಗೀರು ಕೊರೆದಿದ್ದಾರೆ. ಶಾಫ್ಟ್ ತಿರುಗುವಾಗ ಹೊರಬರಲು ಹವಣಿಸುವ ಎಣ್ಣೆಯನ್ನು ಆ ಸುರುಳಿ ಒಳಕ್ಕೆ ತಿರುಪಿಕೊಂಡು ಹೋಗುತ್ತದೆ, ಎಣ್ಣೆ ಬೇರಿಂಗ್ ಕ್ಯಾಪಿನ ತೂತಿನಿಂದ ಚೇಂಬರಿಗೆ ಇಳಿಯುತ್ತದೆ. ಸುರುಳಿಗೂ ಅದರ ಸುತ್ತಲಿನ ಗೋಡೆಗೂ ಮಧ್ಯೆ ಕೂದಲೆಳೆಯ ಸಂದು. ಒಂದನ್ನೊಂದು ಮುಟ್ಟುವುದಿಲ್ಲ, ಆದ್ದರಿಂದ ಸವೆಯುವುದೂ ಇಲ್ಲ. ಜಾಣ ಏರ್ಪಾಡು. ಆದರೆ ಇದು ಮೂರು ಷರತ್ತಿನ ಮೇಲೆ ನಿಂತಿದೆ: ಶಾಫ್ಟ್ ತಿರುಗುತ್ತಿರಬೇಕು, ಅದು ಸಂದಿನ ನಟ್ಟನಡುವೆ ಇರಬೇಕು, ಒಳಗಿನಿಂದ ಗಾಳಿ ತಳ್ಳಬಾರದು.

ಎಂಜಿನ್ ನಿಂತ ಕೂಡಲೇ ಮೊದಲ ಷರತ್ತು ಬೀಳುತ್ತದೆ. ಸುರುಳಿಯಲ್ಲಿ ಉಳಿದ ಎಣ್ಣೆ ಮೆಲ್ಲಗೆ ಹೊರಗಿಳಿಯಬಹುದು. ಓಡಿಸಿ ತಂದು ನಿಲ್ಲಿಸಿದ ಮೇಲೆ ಒಂದೆರಡು ಹನಿ ಬಿದ್ದು ನಿಂತರೆ ಅದು ರೋಗವಲ್ಲ, ಸ್ವಭಾವ. ಮುಂಭಾಗ ಮೇಲೆ ಮಾಡಿ ಇಳಿಜಾರಿನಲ್ಲಿ ನಿಲ್ಲಿಸಿದರೆ ಇನ್ನೂ ಕೆಲವು ಹನಿ. ಮೇನ್ ಬೇರಿಂಗ್ ಸವೆದು ಶಾಫ್ಟ್ ಕೆಳಗೆ ಕೂತಾಗ ಎರಡನೆಯ ಷರತ್ತು ಮುರಿಯುತ್ತದೆ. ಆಗ ಬಿಸಿಯಾದ ಮೇಲೆ ಆಯಿಲ್ ಪ್ರೆಶರೂ ಇಳಿದಿರುತ್ತದೆ, ಆದ್ದರಿಂದ ಮೀಟರ್ ನೋಡದೆ ಹಿಂಬದಿಯ ಸೋರಿಕೆಯ ಬಗ್ಗೆ ಏನೂ ಹೇಳಬಾರದು. 1964ರ ಕೊನೆಯಲ್ಲಿ ಎಂಜಿಬಿಗೆ ಐದು ಬೇರಿಂಗಿನ ಕ್ರ್ಯಾಂಕ್ ಬಂದಾಗ ಜೊತೆಗೆ ರಬ್ಬರ್ ತುಟಿಯ ಸೀಲೂ ಬಂತು. ಸುರುಳಿಯ ಎಂಜಿನ್ನಿಗೂ ಈಗ ಅಂಥ ಸೀಲ್ ಕೂರಿಸುವ ಕಿಟ್ಟುಗಳು ಸಿಗುತ್ತವೆ. ಅದನ್ನು ತರಿಸುವ ಮುನ್ನ ಮೂರನೆಯ ಷರತ್ತನ್ನು ಪರೀಕ್ಷಿಸುವುದು ಒಳ್ಳೆಯದು.

ಹಿಂಬದಿಯಿಂದ ಬಂದ ಎಣ್ಣೆ ಬೀಳುವುದು ಬೆಲ್ ಹೌಸಿಂಗಿನೊಳಗೆ, ಫ್ಲೈವೀಲ್ ಮತ್ತು ಕ್ಲಚ್ ಇರುವ ಗೂಡಿಗೆ. ಅಲ್ಲಿ ಎಣ್ಣೆ ನಿಲ್ಲದಿರಲೆಂದು ಬಿಎಂಸಿಯ ವಿನ್ಯಾಸಕರು ಗೂಡಿನ ತಳದಲ್ಲಿ ಒಂದು ತೂತು ಕೊರೆದು, ಅದರಲ್ಲಿ ಸಡಿಲವಾಗಿ ಸ್ಪ್ಲಿಟ್ ಪಿನ್ ತೂಗುಬಿಟ್ಟರು. ಕಾರು ಓಡುವಾಗ ಪಿನ್ ಕುಲುಕಾಡಿ ತೂತಿಗೆ ಕೆಸರು ಕಟ್ಟದಂತೆ ನೋಡಿಕೊಳ್ಳುತ್ತದೆ. ಎಣ್ಣೆ ಸೋರುತ್ತದೆಂದು ಒಪ್ಪಿಕೊಂಡು, ಅದು ಹೋಗಲು ದಾರಿಯನ್ನೂ ಮಾಡಿ, ದಾರಿ ಗುಡಿಸಲು ಒಂದು ಆಳನ್ನೂ ಇಟ್ಟ ಹಾಗೆ. ಇದನ್ನು ತಿಳಿಯದೆ ಪಿನ್ ಕಿತ್ತು ತೂತಿಗೆ ಎಂ-ಸೀಲ್ ಮೆತ್ತಿದವರಿದ್ದಾರೆ. ನೆಲ ಒಣಗುತ್ತದೆ, ಕೆಲವು ತಿಂಗಳಲ್ಲಿ ಕ್ಲಚ್ ಪ್ಲೇಟ್ ಎಣ್ಣೆಯಲ್ಲಿ ನೆನೆದು ಏರಿನಲ್ಲಿ ಜಾರತೊಡಗುತ್ತದೆ.

ಪಿನ್ನಿನ ತುದಿಯಲ್ಲಿ ಹನಿ ಕಂಡರೂ ಅದು ಕ್ರ್ಯಾಂಕಿನದೇ ಎನ್ನುವಂತಿಲ್ಲ. ಗೇರ್‌ಬಾಕ್ಸಿನ ಮುಂದಿನ ಶಾಫ್ಟಿನಿಂದಲೂ ಅದೇ ಗೂಡಿಗೆ ಎಣ್ಣೆ ಬರುತ್ತದೆ. ದಪ್ಪ ಗೇರ್ ಆಯಿಲ್ ಹಾಕುವ ಕಾರಿನಲ್ಲಿ ಗಂಧಕದ ವಾಸನೆಯಿಂದ ಗೊತ್ತಾಗುತ್ತದೆ. ಎಂಜಿಬಿ, ಮಾರಿಸ್ ಮೈನರಿನಂಥ ಕಾರುಗಳ ಗೇರ್‌ಬಾಕ್ಸಿಗೂ ಎಂಜಿನ್ ಆಯಿಲನ್ನೇ ಹಾಕುವ ಪದ್ಧತಿ. ಅಲ್ಲಿ ಮೂಗು ಕೈಕೊಡುತ್ತದೆ, ಬಣ್ಣ ನೋಡಬೇಕು. ಎಂಜಿನ್ ಆಯಿಲ್ ಬೇಗ ಕಪ್ಪಾಗುತ್ತದೆ, ಗೇರ್‌ಬಾಕ್ಸಿನದು ಬಹಳ ಕಾಲ ಜೇನಿನ ಬಣ್ಣದಲ್ಲೇ ಇರುತ್ತದೆ.

ಮೋಸಮಾಡುವ ಮೂರನೆಯ ದಾರಿಯೂ ಇದೆ, ಇದೇ ಎಲ್ಲಕ್ಕಿಂತ ಸಾಮಾನ್ಯ. ರಾಕರ್ ಕವರಿನ ಹಿಂದಿನ ಮೂಲೆ, ಡ್ಯಾಶಿನ ತಗಡಿಗೆ ಅಂಟಿಕೊಂಡಂತಿರುವ ಕಡೆ, ಕಾರ್ಕ್ ಒಂದಿಷ್ಟು ಒಳಕ್ಕೆ ಜಾರಿರುತ್ತದೆ. ಎಣ್ಣೆ ಹೆಡ್ಡಿನ ಹಿಂಭಾಗದಿಂದ ಬ್ಲಾಕಿನ ಬೆನ್ನಿಗಿಳಿದು, ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಅಂಚನ್ನು ಹಿಡಿದು, ಬೆಲ್ ಹೌಸಿಂಗಿನ ಹೊರಮೈಯನ್ನು ಬಳಸಿ ಬಂದು ಸರಿಯಾಗಿ ಆ ಪಿನ್ನಿನ ಪಕ್ಕದಲ್ಲೇ ತೂಗುತ್ತದೆ. ಬಗ್ಗಿ ನೋಡಿದವನಿಗೆ ಕ್ರ್ಯಾಂಕೇ ಅಪರಾಧಿ. ಎಂಜಿನ್ ಇಳಿಸಲು ಚೈನ್ ಪುಲ್ಲಿ ಕಟ್ಟುವ ಮುನ್ನ ಮೊಬೈಲ್ ಫೋನಿನ ಕ್ಯಾಮೆರಾವನ್ನು ಹೆಡ್ಡಿನ ಹಿಂದಕ್ಕೆ ತೂರಿಸಿ ಒಂದು ಫೋಟೋ ತೆಗೆದರೆ ಎರಡು ದಿನದ ಕೂಲಿ ಉಳಿಯುವುದುಂಟು.

ಎಂಜಿನ್ನಿನ ಉಸಿರು

ಪಿಸ್ಟನ್ ರಿಂಗುಗಳು ಎಷ್ಟು ಚೆನ್ನಾಗಿದ್ದರೂ ಉರಿದ ಅನಿಲ ಒಂದಿಷ್ಟು ಅವುಗಳ ಪಕ್ಕದಿಂದ ನುಸುಳಿ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಅದಕ್ಕೆ ಹೊರಹೋಗಲು ದಾರಿ ಬೇಕು. 1489 ಸಿಸಿ ಎಂಜಿನ್ನಿನ ಏರ್ಪಾಡು ಸರಳ: ಮುಂದಿನ ಸೈಡ್ ಕವರಿನಿಂದ ಒಂದು ಕೊಳವೆ ಕೆಳಗೆ ರಸ್ತೆಯ ಕಡೆ ಬಾಯಿ ತೆರೆದಿರುತ್ತದೆ, ರಾಕರ್ ಕವರಿನಿಂದ ಇನ್ನೊಂದು ಏರ್ ಕ್ಲೀನರಿಗೆ ಹೋಗುತ್ತದೆ. ಕಾರು ಓಡುವಾಗ ಅಡಿಯ ಗಾಳಿ ಕೆಳಗಿನ ಕೊಳವೆಯ ಬಾಯಿಂದ ಅನಿಲವನ್ನು ಹೀರಿಕೊಳ್ಳುತ್ತದೆ. ಕಾರು ನಿಂತೇ ಉರಿಯುತ್ತಿದ್ದರೆ ಹೀರುವವರಿಲ್ಲ. ಹಳೆಯ ಕಾಂಕ್ರೀಟ್ ರಸ್ತೆಗಳಲ್ಲಿ ಪ್ರತಿ ಲೇನಿನ ನಡುವೆ ಕಾಣುತ್ತಿದ್ದ ಕಪ್ಪು ಪಟ್ಟಿಗೆ ಇಂಥ ಕೊಳವೆಗಳ ಕೊಡುಗೆಯೂ ಸೇರಿತ್ತು. ಕ್ಯಾಲಿಫೋರ್ನಿಯಾದಲ್ಲಿ 1960ರ ದಶಕದ ಮೊದಲಲ್ಲಿ ಹೊಗೆಮಂಜಿನ ಕಾಟಕ್ಕೆ ಬೇಸತ್ತು, ಈ ಅನಿಲವನ್ನು ಮತ್ತೆ ಎಂಜಿನ್ನಿಗೇ ಕುಡಿಸುವ ವಾಲ್ವನ್ನು ಹೊಸ ಕಾರುಗಳಿಗೆ ಕಡ್ಡಾಯ ಮಾಡಿದರು. ಎಂಜಿಬಿಗೂ ಆ ದಶಕದಲ್ಲೇ ಅಂಥ ವಾಲ್ವ್ ಬಂತು.

ಈ ಉಸಿರಾಟ ಕಟ್ಟಿದರೆ, ಅಥವಾ ರಿಂಗ್ ಸವೆದು ಅನಿಲ ಹೆಚ್ಚಾದರೆ, ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಏರುತ್ತದೆ. ಅದು ಚದರ ಅಂಗುಲಕ್ಕೆ ಒಂದು ಪೌಂಡಿನಷ್ಟೂ ಇರಲಾರದು, ಆದರೆ ಸುರುಳಿಯನ್ನು ಸೋಲಿಸಲು ಅಷ್ಟು ಬೇಕಾಗಿಲ್ಲ. ಎಣ್ಣೆ ಆಗ ಎಲ್ಲಿ ದುರ್ಬಲವೋ ಅಲ್ಲಿ ಹೊರಬರುತ್ತದೆ. ರಾಕರ್ ಕವರಿಗೆ ಹೊಸ ಪ್ಯಾಕಿಂಗ್ ಹಾಕಿದರೆ ಸೈಡ್ ಕವರಿನಿಂದ, ಅದನ್ನೂ ಮುಚ್ಚಿದರೆ ಕ್ರ್ಯಾಂಕಿನ ಹಿಂಬದಿಯಿಂದ. ‘ಒಂದು ರಿಪೇರಿ ಮಾಡಿದರೆ ಇನ್ನೊಂದು ಕಡೆ ಶುರುವಾಗುತ್ತದೆ ಸಾರ್’ ಎಂಬ ಗ್ಯಾರೇಜಿನ ಗೊಣಗಾಟ ನಿಜಕ್ಕೂ ಒಂದು ರೋಗಲಕ್ಷಣ. ಒಂದೇ ಎಂಜಿನ್ನಿನಲ್ಲಿ ಮೂರುನಾಲ್ಕು ಕಡೆ ಒಟ್ಟಿಗೆ ಜಿನುಗುತ್ತಿದ್ದರೆ ಪ್ಯಾಕಿಂಗುಗಳನ್ನು ಬಿಟ್ಟು ಮೊದಲು ಬ್ರೀದರ್, ಅಂದರೆ ಈ ಉಸಿರಾಟದ ಕೊಳವೆ, ನೋಡಬೇಕು.

ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಬಿಸಿಯಾದ ಎಂಜಿನ್ ನಿಂತಲ್ಲೇ ಓಡುತ್ತಿರುವಾಗ ಆಯಿಲ್ ಸುರಿಯುವ ಬಾಯಿಯ ಮುಚ್ಚಳ ತೆಗೆದು ಅಂಗೈ ಹತ್ತಿರ ಹಿಡಿಯಬೇಕು. ಮೆಲ್ಲನೆಯ ಆವಿ ಸಹಜ. ಉಗಿಬಂಡಿಯಂತೆ ಬಿಟ್ಟುಬಿಟ್ಟು ಹೊಗೆ ನೂಕುತ್ತಿದ್ದರೆ ಕಂಪ್ರೆಷನ್ ಟೆಸ್ಟ್ ಮಾಡಿಸಬೇಕು. ಹಾಗೆಯೇ ಬ್ರೀದರ್ ಕೊಳವೆಯನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಒಮ್ಮೆ ಊದಿ ನೋಡಬೇಕು. ದಶಕಗಳ ಗಸಿ, ಕೆಲವೊಮ್ಮೆ ಕಣಜ ಕಟ್ಟಿದ ಮಣ್ಣಿನ ಗೂಡು, ಅದರೊಳಗಿರುವುದುಂಟು. ಡಿಪ್‌ಸ್ಟಿಕ್ಕಿನ ಗುರುತಿಗಿಂತ ಮೇಲೆ ಎಣ್ಣೆ ತುಂಬಿದ್ದರೂ ಇವೇ ಲಕ್ಷಣಗಳು ಕಾಣುತ್ತವೆ.

ಪತ್ತೆಯ ಕ್ರಮ

ಕೊಳೆಯಾದ ಎಂಜಿನ್ನಿನಲ್ಲಿ ಲೀಕ್ ಹುಡುಕುವುದು ಕೆಸರಿನಲ್ಲಿ ಹೆಜ್ಜೆಗುರುತು ಹುಡುಕಿದಂತೆ. ಮೊದಲು ತೊಳೆಯಬೇಕು. ಸೀಮೆಎಣ್ಣೆ ಮತ್ತು ಬ್ರಷ್ಷು, ಅಥವಾ ಡಿಗ್ರೀಸರ್. ಬಿಸಿ ಎಂಜಿನ್ನಿನ ಮೇಲೆ ಬೇಡ, ಪೆಟ್ರೋಲಂತೂ ಬೇಡವೇ ಬೇಡ. ಡಿಸ್ಟ್ರಿಬ್ಯೂಟರ್, ಡೈನಮೊ, ಕಾರ್ಬುರೇಟರ್ ಬಾಯಿಗಳಿಗೆ ಪ್ಲಾಸ್ಟಿಕ್ ಕಟ್ಟಿ ತೊಳೆದು, ಬಟ್ಟೆಯಲ್ಲಿ ಒರೆಸಿ ಒಣಗಿಸಬೇಕು. ತೊಳೆಯುವ ಮುನ್ನ ಹಳೆಯ ಕೊಳೆಯ ಫೋಟೋ ತೆಗೆದಿಡುವುದು ಜಾಣತನ. ಎಲ್ಲಿ ಮೆತ್ತಗಿನ ಹಸಿ ಕೆಸರು, ಎಲ್ಲಿ ಒಣಗಿದ ಹಕ್ಕಳೆ ಎಂಬುದೂ ಸಾಕ್ಷಿಯೇ.

ರಾತ್ರಿ ಕಾರಿನ ಕೆಳಗೆ ಬಿಳಿಯ ಕಾಗದ ಹಾಸಿ, ಮುಂದಿನ ಚಕ್ರದ ಗುರುತು ಹಾಕಿಡಬೇಕು. ಬಿದ್ದದ್ದು ಎಂಜಿನ್ ಆಯಿಲೇ ಎಂದು ಬೆಳಿಗ್ಗೆ ಖಾತ್ರಿಯಾಗುತ್ತದೆ: ಬ್ರೇಕ್ ಆಯಿಲ್ ನೀರಿನಲ್ಲಿ ಕರಗಿಹೋಗುತ್ತದೆ, ಎಂಜಿನ್ ಆಯಿಲ್ ಕರಗುವುದಿಲ್ಲ. ಆಮೇಲೆ ಎಂಜಿನ್ ಚಾಲೂ ಮಾಡಿ ಹತ್ತು ನಿಮಿಷ ಟಾರ್ಚ್ ಹಿಡಿದು ನೋಡಬೇಕು, ಬಳಿಕ ಹತ್ತಾರು ಕಿಲೋಮೀಟರ್ ಓಡಿಸಿ ಬಂದು ಮತ್ತೆ ನೋಡಬೇಕು. ನಿಂತಲ್ಲಿ ಓಡುವಾಗಲೇ ಬಂದರೆ ಒತ್ತಡದ ಜೋಡಣೆ. ರಸ್ತೆಯಲ್ಲಿ ಓಡಿಸಿದ ಮೇಲೆ ಮಾತ್ರ ಬಂದರೆ ಅನಿಲದ ಒತ್ತಡ ಅಥವಾ ಸೀಲ್. ನಿಲ್ಲಿಸಿದ ಮೇಲೆ ಮಾತ್ರ ಬಂದರೆ ಸುರುಳಿ ಅಥವಾ ಎಣ್ಣೆ ನಿಂತು ಇಳಿಯುವ ಕೆಳಗಿನ ಪ್ಯಾಕಿಂಗ್. ಎಣ್ಣೆ ಕೆಳಕ್ಕೆ ಹರಿಯುತ್ತದೆ, ಫ್ಯಾನಿನ ಗಾಳಿ ಅದನ್ನು ಹಿಂದಕ್ಕೆ ನೂಕುತ್ತದೆ. ಆದ್ದರಿಂದ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಮುಂದಿನದು ಯಾವುದೋ ಅಲ್ಲಿಂದ ಹುಡುಕಾಟ ಶುರು.

ಬರಿಗಣ್ಣಿಗೆ ಸಿಗದಿದ್ದರೆ ಮೈಗೆ ಹಚ್ಚುವ ಟಾಲ್ಕಂ ಪೌಡರ್ ನೆರವಿಗೆ ಬರುತ್ತದೆ. ಒಣಗಿದ ಲೋಹದ ಮೇಲೆ ತೆಳುವಾಗಿ ಉದುರಿಸಿ ಎಂಜಿನ್ ಓಡಿಸಿದರೆ, ಎಣ್ಣೆ ಜಿನುಗಿದ ದಾರಿ ಬೂದಿಯ ಮೇಲೆ ಹಾವು ಹೋದಂತೆ ಕಪ್ಪಾಗಿ ಮೂಡುತ್ತದೆ. ಮುಖ್ಯವಾದದ್ದು ಬೇಗ ನೋಡುವುದು. ಅರ್ಧ ಗಂಟೆ ತಡವಾದರೆ ಎಲ್ಲ ಒಂದೇ ಮಸಿ. ಇದಕ್ಕಿಂತ ನಿಖರವಾದದ್ದು ಬಣ್ಣದ ಪರೀಕ್ಷೆ: ಎಣ್ಣೆಯಲ್ಲಿ ಬೆರೆಯುವ ಡೈ ಸ್ವಲ್ಪ ಹಾಕಿ, ಒಂದೆರಡು ದಿನ ಓಡಿಸಿ, ಕತ್ತಲಲ್ಲಿ ನೇರಳಾತೀತ ದೀಪ ಹಿಡಿದರೆ ಸೋರಿದ ದಾರಿ ಹಳದಿ ಹಸಿರಾಗಿ ಹೊಳೆಯುತ್ತದೆ. ಡೈ ಎಂಜಿನ್ನಿಗೆ ತೊಂದರೆ ಮಾಡುವುದಿಲ್ಲ. ಸುರಿಯುವಾಗ ಕೈತಪ್ಪಿ ಚೆಲ್ಲಿದ ಹನಿಯೂ ಅಷ್ಟೇ ಚೆಲುವಾಗಿ ಹೊಳೆಯುತ್ತದೆಂಬುದನ್ನು ಮಾತ್ರ ಮರೆಯಬಾರದು.

ಗಾಳಿಯ ಪರೀಕ್ಷೆ ಕೊನೆಯದು. ಎಂಜಿನ್ ನಿಲ್ಲಿಸಿ, ಬ್ರೀದರುಗಳನ್ನೂ ಆಯಿಲ್ ಬಾಯಿಯನ್ನೂ ಮುಚ್ಚಿ, ಡಿಪ್‌ಸ್ಟಿಕ್ಕಿನ ಕೊಳವೆಯಿಂದ ಚದರ ಅಂಗುಲಕ್ಕೆ 2–3 ಪೌಂಡಿಗೆ ಮೀರದಂತೆ ಗಾಳಿ ಬಿಟ್ಟು, ಸಂದುಗಳಿಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಪಂಚರ್ ಅಂಗಡಿಯ ಕಂಪ್ರೆಸರನ್ನು ನೇರ ಸಿಕ್ಕಿಸಿದರೆ ಚೆನ್ನಾಗಿದ್ದ ಸೀಲೂ ಹೊರಹಾರುತ್ತದೆ. ಸುರುಳಿಯ ಎಂಜಿನ್ನಿನಲ್ಲಿ ಈ ಪರೀಕ್ಷೆ ಸುಳ್ಳು ಹೇಳಬಲ್ಲುದು. ಅಲ್ಲಿ ಹಿಂಬದಿಗೆ ಸದಾ ತೆರೆದ ಸಂದಿರುವುದರಿಂದ ಬೆಲ್ ಹೌಸಿಂಗಿನೊಳಗೆ ಗಾಳಿಯ ಸದ್ದು ಬಂದೇ ಬರುತ್ತದೆ; ಅದನ್ನು ಕೇಳಿ ಕ್ರ್ಯಾಂಕ್ ಬಿಚ್ಚಿಸಿದವರು ಪರೀಕ್ಷೆ ಮಾಡಿಯೂ ಮೋಸಹೋದವರು.

ಬೇರೆ ಎಂಜಿನ್ನುಗಳ ಸ್ವಭಾವ

1959ರಲ್ಲಿ ಬಂದ ಮಿನಿ ಕಾರಿನಲ್ಲಿ ಗೇರ್‌ಬಾಕ್ಸ್ ಇರುವುದು ಎಂಜಿನ್ನಿನ ಚೇಂಬರಿನೊಳಗೇ, ಎರಡಕ್ಕೂ ಒಂದೇ ಎಣ್ಣೆ. ಆದ್ದರಿಂದ ಗೇರ್ ಲಿವರಿನ ಕಡೆಯ ಸೀಲ್ ಹೋದರೂ ಕಳೆದುಹೋಗುವುದು ಎಂಜಿನ್ ಆಯಿಲೇ. ಜಾಗ್ವಾರಿನ ಎಕ್ಸ್‌ಕೆ ಎಂಜಿನ್ ಕೂಡ ಸುರುಳಿಯಿಂದಲೇ ಶುರುವಾಗಿ, ಆಮೇಲೆ ಹಗ್ಗದಂಥ ಸೀಲಿಗೆ ಬಂತು. ಆ ಹಗ್ಗ ಗ್ರಾಫೈಟ್ ಬಳಿದ ಕಲ್ನಾರಿನದು. ಹಳೆಯದನ್ನು ಕೀಳುವಾಗ ಅದರ ಧೂಳನ್ನು ಉಸಿರಾಡಬಾರದು. ಫೋಕ್ಸ್‌ವ್ಯಾಗನ್ ಬೀಟಲ್ ನೀರಿಲ್ಲದೆ ಗಾಳಿಯಿಂದ ತಣಿಯುವ ಎಂಜಿನ್. ಅದರ ಪುಷ್‌ರಾಡುಗಳು ಬ್ಲಾಕಿನ ಹೊರಗೆ ತಗಡಿನ ಕೊಳವೆಗಳಲ್ಲಿ ಓಡುತ್ತವೆ. ಅವುಗಳ ಎರಡೂ ತುದಿಯ ರಬ್ಬರ್ ಉಂಗುರಗಳು ಕಾವಿಗೆ ಒಣಗಿ ಬಿರಿಯುವುದು ಅದರ ಪ್ರಸಿದ್ಧ ದೋಷ.

ಮದ್ರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡಿನ ಎಂಜಿನ್ ಟ್ರಯಂಫ್ ಮೂಲದ್ದು. ಅದರ ಮುಂಭಾಗದ ತಳದಲ್ಲಿ ಚೇಂಬರ್, ಬ್ಲಾಕ್, ಟೈಮಿಂಗ್ ಕವರ್ ಮೂರೂ ಸೇರುವ ಕಡೆ ಅಲ್ಯೂಮಿನಿಯಮ್ಮಿನ ತುಂಡೊಂದಿದೆ, ಆ ತುಂಡಿನ ಎರಡು ತುದಿಯ ಸಂದಿಗೆ ಬಡಿಯುವುದು ಮರದ ಬೆಣೆ. ಎಂಜಿನ್ನಿಗೆ ಮರದ ಬೆಣೆಯೇ ಎಂದು ಹೊಸಬರು ನಗುತ್ತಾರೆ. ಬೆಣೆ ಬಡಿದು, ಹೆಚ್ಚಿನದನ್ನು ಚಾಕುವಿನಿಂದ ಅಂಚಿಗೆ ಸಮವಾಗಿ ಕೊಯ್ದು ಬಿಟ್ಟರೆ ಅದು ಎಣ್ಣೆ ಕುಡಿದು ಹಿಗ್ಗಿ ವರ್ಷಗಟ್ಟಲೆ ನಿಲ್ಲುತ್ತದೆ. ನಗುತ್ತಾ ಅದನ್ನು ಎಸೆದು ಸಿಲಿಕಾನ್ ತುಂಬಿದವರ ಕಾರೇ ಬೇಗ ಸೋರುತ್ತದೆ.

ಮುಚ್ಚುವ ಕೆಲಸ

ಸಿಲಿಕಾನ್ ಪೇಸ್ಟಿನ ಬಗ್ಗೆ ಎಚ್ಚರಿಕೆ ಬೇಕು. ಸಂದಿನಿಂದ ಹೊರಗೆ ಉಬ್ಬಿದ ಪೇಸ್ಟನ್ನು ನೋಡಿ ಕೆಲಸ ಗಟ್ಟಿಯಾಗಿದೆ ಎಂದು ಮಾಲೀಕ ಸಂತೋಷಪಡುತ್ತಾನೆ. ಅಷ್ಟೇ ಪೇಸ್ಟ್ ಒಳಕ್ಕೂ ಉಬ್ಬಿರುತ್ತದೆ, ಕಳಚಿ ಬಿದ್ದು ಪಂಪಿನ ಜಾಲರಿ ಸೇರುತ್ತದೆ. ಹಳೆಯ ಮೆಕ್ಯಾನಿಕ್ಕುಗಳು ಶೆಲ್ಲಾಕನ್ನು ಬೆರಳಿನಿಂದ ಸವರಿ, ಪ್ಯಾಕಿಂಗನ್ನು ಮುಚ್ಚಳದ ಕಡೆಗೆ ಮಾತ್ರ ಅಂಟಿಸಿ, ಬ್ಲಾಕಿನ ಕಡೆಗೆ ಗ್ರೀಸ್ ಹಚ್ಚುತ್ತಿದ್ದರು. ಮುಂದೆ ಬಿಚ್ಚುವವನಿಗೆ ಅದು ಉಪಕಾರ. ಸಿಗದ ಪ್ಯಾಕಿಂಗನ್ನು ಮಾಡಿಕೊಳ್ಳುವ ಅವರ ಉಪಾಯವೂ ನೋಡುವಂಥದ್ದು: ಪ್ಯಾಕಿಂಗ್ ಶೀಟನ್ನು ಲೋಹದ ಭಾಗದ ಮೇಲೆ ಹಾಸಿ, ಅಂಚುಗುಂಟ ಸುತ್ತಿಗೆಯ ಗುಂಡು ತಲೆಯಿಂದ ಟಕಟಕ ತಟ್ಟುತ್ತ ಹೋಗುತ್ತಾರೆ. ಲೋಹದ ಅಂಚೇ ಕತ್ತರಿಯಾಗಿ ಶೀಟು ಆಕಾರಕ್ಕೆ ತುಂಡಾಗುತ್ತದೆ. ಬೋಲ್ಟಿನ ತೂತಿನ ಮೇಲೆ ತಟ್ಟಿದಾಗ ದುಂಡಗಿನ ಬಿಲ್ಲೆ ಹಾರಿಹೋಗುತ್ತದೆ.

ವರ್ಷಗಟ್ಟಲೆ ನಿಂತಿದ್ದ ಕಾರನ್ನು ಎಬ್ಬಿಸಿದಾಗ ಎಲ್ಲ ಕಡೆಯಿಂದಲೂ ಸೋರಬಹುದು. ಒಣಗಿ ಸೆಟೆದ ಸೀಲುಗಳಲ್ಲಿ ಕೆಲವು ಬಿಸಿ ಎಣ್ಣೆ ತಾಗಿ ಕೆಲವು ನೂರು ಕಿಲೋಮೀಟರಿನಲ್ಲಿ ಮೆತ್ತಗಾಗಿ ತಾವೇ ಕೂರುತ್ತವೆ, ಆದ್ದರಿಂದ ಮೊದಲ ವಾರವೇ ಎಲ್ಲವನ್ನೂ ಕೀಳುವ ಆತುರ ಬೇಡ. ಹೊಸ ಎಣ್ಣೆ ಹಾಕಿದ ಮೇಲೆ ಸೋರಿಕೆ ಹೆಚ್ಚಿತೆಂಬ ದೂರೂ ಸುಳ್ಳಲ್ಲ: ಈಗಿನ ಎಣ್ಣೆಯಲ್ಲಿರುವ ಕೊಳೆ ತೆಗೆಯುವ ಅಂಶ, ಸವೆದ ಸೀಲಿನ ಬಾಯಲ್ಲಿ ಬಿರಡೆಯಂತೆ ಕೂತಿದ್ದ ಗಸಿಯನ್ನು ಕರಗಿಸುತ್ತದೆ. ಎಣ್ಣೆ ಸೀಲನ್ನು ಕೆಡಿಸಲಿಲ್ಲ, ಕೆಟ್ಟದ್ದನ್ನು ತೋರಿಸಿತು.

ಕಾರ್ಕ್ ಪ್ಯಾಕಿಂಗ್ ಹಾಕಿದ ಎಂಜಿನ್ನನ್ನು 500 ಕಿಲೋಮೀಟರ್ ಓಡಿಸಿದ ಮೇಲೆ ಒಮ್ಮೆ ನಟ್ಟುಗಳನ್ನು ಮುಟ್ಟಿ ನೋಡಬೇಕು. ಕಾರ್ಕ್ ಕೂತು ಬಿಗಿ ಸ್ವಲ್ಪ ಇಳಿದಿರುತ್ತದೆ, ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸುವಂತಿಲ್ಲ. ಅದೇ ದಿನ ರಾತ್ರಿ ಮತ್ತೊಮ್ಮೆ ಬಿಳಿಯ ಕಾಗದ ಹಾಸಿ, ದಿನಾಂಕ ಬರೆದು, ಹಿಂದಿನ ಕಾಗದದ ಜೊತೆ ಹಿಡಿದು ಹೋಲಿಸಬೇಕು.